ಕೊಟ್ರಪ್ಪ ಕಾದ ಎಂಬತ್ತು ನಿಮಿಷ

ಕೊಟ್ರಪ್ಪನಿಗೆ ಬಲಗಡೆಯ ಹುಬ್ಬು ಅರ್ಧ ಇಲ್ಲ. ಕೇಳಿದವರಿಗೆಲ್ಲ ಹುಟ್ಟಿದ್ದೇ ಹಾಗೆ ಎನ್ನುತ್ತಿದ್ದ. ಅದು ಸುಳ್ಳು. ಜಿಗಣಿಯ ನಮ್ಮ ಲ್ಯಾಬಿನಲ್ಲಿ ಗಾಜಿನ ಕೊಳವೆಯೊಂದು ಸಿಡಿದಾಗ ಸುಟ್ಟುಹೋದ ಹುಬ್ಬು ಅದು, ಮತ್ತೆ ಬೆಳೆಯಲೇ ಇಲ್ಲ. ಆದರೆ ಅದು ಯಾರಿಗೂ ಕೇಡು ಮಾಡದ ಸುಳ್ಳು. ಕೇಡು ಮಾಡಿದ ಸುಳ್ಳು ಅವನು ನನಗೆ ಗೊತ್ತಿದ್ದಂತೆ ಒಂದೇ ಒಂದು ಹೇಳಿದ್ದು. ಅದನ್ನೂ ಬಾಯಲ್ಲಿ ಹೇಳಲಿಲ್ಲ, ಪುಸ್ತಕದಲ್ಲಿ ಬರೆದ.

ಗ್ರಾನೈಟ್ ಕೊಯ್ಯುವ ಫ್ಯಾಕ್ಟರಿಯೊಂದರ ಹಿಂದೆ ಎರಡು ಶೆಡ್ಡುಗಳು, ಅದೇ ನಮ್ಮ ಲ್ಯಾಬು. ಬೇರೆಯವರು ಕೇಳಿದ ವಸ್ತುಗಳನ್ನು ಅಲ್ಲಿ ಸ್ವಲ್ಪಸ್ವಲ್ಪವೇ ತಯಾರಿಸಿ ಕೊಡುತ್ತಿದ್ದರು. ನಾನು ಅಲ್ಲಿ ಹನ್ನೊಂದು ವರ್ಷ ಗಾಜಿನ ಸಾಮಾನು ತೊಳೆದೆ. ಕೊಟ್ರಪ್ಪ ಬೆಂಕಿಯ ಕೆಲಸದವನು. ಹೆಬ್ಬೆರಳು ದಪ್ಪದ ಕ್ವಾರ್ಟ್ಸ್ ಗಾಜಿನ ಕೊಳವೆಯೊಳಗೆ ಪುಡಿ ತುಂಬಿಕೊಟ್ಟರೆ, ಅದನ್ನು ಪಂಪಿಗೆ ಸಿಕ್ಕಿಸಿ ಒಳಗಿನ ಗಾಳಿ ಎಳೆದು, ಕುತ್ತಿಗೆಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ, ತಿರುಗಿಸಿ ಎಳೆದು ಮುಚ್ಚಿಬಿಡುತ್ತಿದ್ದ. ಮುಚ್ಚಿದ ಜಾಗ ಮೊಲ್ಲೆಯ ಮೊಗ್ಗಿನ ಹಾಗೆ ನುಣ್ಣಗೆ ಇರುತ್ತಿತ್ತು.

ಅವನ ಊರು ಕೂಡ್ಲಿಗಿ ಕಡೆ. ತಂದೆ ಭರಮಪ್ಪ ಹಳ್ಳಿಯಿಂದ ಹಳ್ಳಿಗೆ ಹೋಗಿ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ನೆಲ ತೋಡಿ ಇದ್ದಿಲು ಹಾಕಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಏಳುತ್ತದೆ. ಆ ಹೊಗೆಯ ನಡುವೆಯೇ ತವರವನ್ನು ಬಟ್ಟೆಯಿಂದ ಉಜ್ಜಿದರೆ ಪಾತ್ರೆಯ ಒಳಗು ಕನ್ನಡಿಯಾಗುತ್ತದೆ. ಸ್ಟೀಲ್ ಪಾತ್ರೆ ಬಂದ ಮೇಲೆ ಆ ಕೆಲಸ ನಿಂತಿತು. ಕೊಟ್ರಪ್ಪ ರಾಜಗೋಪಾಲನಗರದಲ್ಲಿ ಕೋಣೆ ಹಿಡಿದು, ಪೀಣ್ಯದಲ್ಲಿ ಅಂಗಡಿ ಬೋರ್ಡುಗಳ ಬಣ್ಣದ ದೀಪಕ್ಕೆ ಗಾಜು ಬಗ್ಗಿಸುವುದನ್ನು ಕಲಿತ. ಆ ದೀಪಗಳೂ ಹಳತಾದ ಮೇಲೆ ಜಿಗಣಿಗೆ ಬಂದ. ನನಗಿಂತ ನಾಲ್ಕು ವರ್ಷ ಚಿಕ್ಕವನು. ನನ್ನ ಹೆಸರು ಮಹಾಂತಮ್ಮ, ಆದರೆ ಅವನು ಮೊದಲ ದಿನದಿಂದಲೂ ಅಕ್ಕ ಎಂದೇ ಕರೆದ.

ಈಗ ಹೇಳುವುದು ಎರಡು ಸಾವಿರದ ಹನ್ನೊಂದರ ಮಾತು. ಆ ವರ್ಷ ಶೈಲಜಾ ಮೇಡಂ ಒಂದು ಹೊಸ ವಸ್ತು ಮಾಡುತ್ತಿದ್ದರು. ಹೆಸರು ಜಿರ್ಕೋನಿಯಂ ನೈಟ್ರೈಡ್ ಕ್ಲೋರೈಡ್. ದಾವಣಗೆರೆ ಕಡೆಯ ಹುಡುಗಿ, ಡಾಕ್ಟರೇಟ್ ಮುಗಿಸಿ ಬಂದು ಎರಡನೇ ವರ್ಷ. ಊಟದ ಹೊತ್ತಿಗೆ ನಮ್ಮ ಬೆಂಚಿನಲ್ಲೇ ಕೂರುತ್ತಿದ್ದರು. ಅದೇನದು ಎಂದು ನಾನೊಮ್ಮೆ ಕೇಳಿದಾಗ ಡಬ್ಬಿಯಲ್ಲಿದ್ದ ಹೋಳಿಗೆ ಮುರಿದು ತೋರಿಸಿದರು. ಹೊರಗಿನ ಕಣಕ ಎರಡು ಕಡೆಯೂ ಕ್ಲೋರಿನ್, ಒಳಗಿನ ಹೂರಣ ಜಿರ್ಕೋನಿಯಂ ಮತ್ತು ನೈಟ್ರೋಜನ್, ಜೇನುಗೂಡಿನ ಹಾಗೆ ಆರಾರು ಮೂಲೆಯಾಗಿ ಹೆಣೆದುಕೊಂಡು ಎರಡು ಪದರ. ಇಂಥ ಹೋಳಿಗೆ ಒಂದರ ಮೇಲೊಂದು ಲಕ್ಷಗಟ್ಟಲೆ. ಒಂದು ಹೋಳಿಗೆಗೂ ಇನ್ನೊಂದಕ್ಕೂ ಹಿಡಿತ ಕಡಿಮೆ, ಜಾರುತ್ತವೆ. ಆ ಸಂದಿನಲ್ಲಿ ಲಿಥಿಯಂ ತೂರಿಸಿದರೆ ಹಸಿರು ಮಿಶ್ರಿತ ಹಳದಿ ವಸ್ತು ಕಪ್ಪಾಗುತ್ತದೆ, ವಿಪರೀತ ಚಳಿಗೆ ಇಳಿಸಿದಾಗ ಅದರಲ್ಲಿ ಕರೆಂಟು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಹೂಡಿಯಲ್ಲಿ ಕಚೇರಿಯಿದ್ದ ಕಂಪನಿಯೊಂದು ಇದರ ಹರಳುಗಳನ್ನು ಕೇಳಿತ್ತು.

ಮೊದಲು ಪುಡಿ ಮಾಡಬೇಕು. ಜಿರ್ಕೋನಿಯಂ ಪುಡಿಯನ್ನು ಕಾಯಿಸಿ ಅದರ ಮೇಲೆ ಅಮೋನಿಯಾ ಹಾಯಿಸಬೇಕು, ಜೊತೆಗೆ ಅಮೋನಿಯಂ ಕ್ಲೋರೈಡಿನ ಹೊಗೆ. ಆ ಕ್ಲೋರೈಡನ್ನು ಮೇಡಂ ಮೊದಲ ಸಲ ಬಿಸಿ ತಟ್ಟೆಯ ಮೇಲೆ ಚಿಟಿಕೆ ಹಾಕಿದಾಗ ಕೊಟ್ರಪ್ಪ ದೂರದಿಂದಲೇ ತಿರುಗಿ ನೋಡಿದ. ಹತ್ತಿರ ಬಂದು, ಇದು ನಮ್ಮಪ್ಪನ ನವಸಾಗರ ಅಲ್ವಾ ಮೇಡಂ ಎಂದ. ಅವತ್ತಿನಿಂದ ಅವರಿಬ್ಬರಿಗೂ ಮಾತು ಬೆಳೆಯಿತು. ಮಳೆಗಾಲದಲ್ಲಿ ನವಸಾಗರ ನೀರು ಕುಡಿದು ಗಂಟಾಗುತ್ತದೆ, ಅದಕ್ಕೇ ಅಪ್ಪ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಒಲೆಯ ಪಕ್ಕದಲ್ಲೇ ಇಡುತ್ತಿದ್ದರು ಎಂದು ಇವನು ಹೇಳಿದ. ಮೇಡಂ ಆ ಮಾತನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮರುದಿನ ಗೋಡೆಗೆ ಒಂದು ನಿಯಮ ಬಂತು. ಕೊಳವೆಗೆ ಪುಡಿಯನ್ನೂ ನವಸಾಗರವನ್ನೂ ಒಣಗಾಳಿಯ ಗಾಜಿನ ಪೆಟ್ಟಿಗೆಯೊಳಗೇ ತುಂಬಬೇಕು, ಬಾಯಿಗೆ ಹತ್ತಿ ಇಟ್ಟು ಹೊರಗೆ ತೆಗೆದರೆ ಹತ್ತು ನಿಮಿಷದೊಳಗೆ ಬೆಂಕಿಯಲ್ಲಿ ಮುಚ್ಚಬೇಕು, ತೆಗೆದ ಹೊತ್ತು ಮತ್ತು ಮುಚ್ಚಿದ ಹೊತ್ತು ಎರಡನ್ನೂ ಪುಸ್ತಕದಲ್ಲಿ ಬರೆಯಬೇಕು. ಆ ನಿಯಮ ಹುಟ್ಟಿದ್ದೇ ಕೊಟ್ರಪ್ಪನ ಮಾತಿನಿಂದ. ಗೋಡೆಯ ಮುಂದೆ ನಿಂತು ಅದನ್ನು ಎರಡು ಸಲ ಓದಿದ, ಮುಖ ಅರಳಿತ್ತು.

ಮುಚ್ಚಿದ ಕೊಳವೆಯನ್ನು ಫರ್ನೇಸಿನಲ್ಲಿ ಏಳು ದಿನ ಮಲಗಿಸುತ್ತಿದ್ದರು. ಒಂದು ತುದಿ ಹೆಚ್ಚು ಬಿಸಿ, ಇನ್ನೊಂದು ಸ್ವಲ್ಪ ಕಡಿಮೆ. ಪುಡಿ ಇರುವುದು ಕಡಿಮೆ ಬಿಸಿಯ ಕಡೆ. ನವಸಾಗರ ಆವಿಯಾಗಿ ಆ ಪುಡಿಯನ್ನು ಹೊತ್ತುಕೊಂಡು ಹೋಗಿ ಹೆಚ್ಚು ಬಿಸಿಯ ತುದಿಯಲ್ಲಿ ಹರಳು ಮಾಡಿ ಕೂರಿಸುತ್ತದೆ. ಮೇ ತಿಂಗಳಲ್ಲಿ ಮೊದಲ ಕೊಳವೆ ಸರಿಯಾಗಿ ಬಂತು. ಎಳೆ ನಿಂಬೆಯ ಬಣ್ಣದ, ಮೀನಿನ ಪೊರೆಯಂಥ ತೆಳು ಚಕ್ಕೆಗಳು. ಒಂದು ಚಕ್ಕೆಯನ್ನು ನಗರದ ಸಂಸ್ಥೆಯೊಂದಕ್ಕೆ ಕಳಿಸಿ ಎಕ್ಸ್‌ರೇ ಹಾಯಿಸಿ ತೆಗೆದ ಚಿತ್ರವನ್ನು ಮೇಡಂ ನಮಗೂ ತೋರಿಸಿದರು. ರಂಗೋಲಿಗೆ ಮೊದಲು ಇಡುವ ಚುಕ್ಕಿಗಳ ಹಾಗೆ ಬರೀ ಚುಕ್ಕಿ. ಆ ಚುಕ್ಕಿಗಳಿಂದ ಒಳಗೆ ಯಾವ ಪರಮಾಣು ಎಲ್ಲಿ ಕೂತಿದೆ ಎಂದು ಲೆಕ್ಕ ಹಾಕುತ್ತಾರಂತೆ. ಕೊಟ್ರಪ್ಪ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ.

ಜೂನ್‌ನಲ್ಲಿ ದೊಡ್ಡ ಕೊಳವೆ ಮಾಡಲು ಹೋಗಿ ಎರಡು ಸಿಡಿದವು. ಎರಡನೆಯದು ಸಿಡಿದಾಗಲೇ ಹುಬ್ಬು ಹೋದದ್ದು. ಒಂದು ಅಂಗುಲ ಕೆಳಗಾಗಿದ್ದರೆ ಕಣ್ಣು. ನವಸಾಗರ ಹೆಚ್ಚಾದದ್ದರಿಂದ ಒಳಗೆ ಒತ್ತಡ ಏರಿತು ಎಂದು ಮೇಡಂ ಹೇಳಿ, ಕ್ಷಮೆಯನ್ನೂ ಕೇಳಿ, ಅಳತೆ ಕಡಿಮೆ ಮಾಡಿದರು. ಕೊಟ್ರಪ್ಪ ತಲೆಯಾಡಿಸಿದ. ಆದರೆ ಹೆದರಿದವನಿಗೆ ಕಾರಣ ಹೇಳಿದ ಮಾತ್ರಕ್ಕೆ ಹೆದರಿಕೆ ಹೋಗುವುದಿಲ್ಲ.

ಮುಂದಿನ ಕೊಳವೆಯ ದಿನ ಆಷಾಢದ ಮೊದಲ ಶುಕ್ರವಾರ. ನಾನು ಅಮ್ಮನವರ ಗುಡಿಗೆ ಹೋಗಿ ಕುಂಕುಮ ಇಟ್ಟುಕೊಂಡೇ ಕೆಲಸಕ್ಕೆ ಬಂದಿದ್ದೆ. ಹೊರಗೆ ಜಿಟಿಜಿಟಿ ಮಳೆ. ಮೇಡಂ ಹೂಡಿಗೆ ಮೀಟಿಂಗಿಗೆ ಹೋಗಿದ್ದರು. ಕೊಟ್ರಪ್ಪ ಹತ್ತೂ ಮುಕ್ಕಾಲಿಗೆ ಕೊಳವೆಯನ್ನು ಪೆಟ್ಟಿಗೆಯಿಂದ ತೆಗೆದು, ತಂದು ಸ್ಟ್ಯಾಂಡಿಗೆ ಸಿಕ್ಕಿಸಿ, ಲೈಟರ್ ಕೈಗೆ ತೆಗೆದುಕೊಂಡ. ಆಗ ನನ್ನ ಹಣೆ ನೋಡಿದ.

"ಅಕ್ಕ, ಇವತ್ತು ರಾಹುಕಾಲ ಎಷ್ಟೊತ್ತಿಗೆ?"

"ಶುಕ್ರವಾರ ಅಲ್ವೇನಪ್ಪ, ಹತ್ತೂವರೆಯಿಂದ ಹನ್ನೆರಡು."

"ಅಂದ್ರ ಈಗ ನಡದೈತಿ."

ಲೈಟರನ್ನು ಕೆಳಗಿಟ್ಟ. ನಾನು ಅವನ ಸುಟ್ಟ ಹುಬ್ಬನ್ನು ನೋಡಿದೆ. "ಕಾಯಿ ತಮ್ಮಾ, ಕಾದ್ರೆ ಏನು ಹೋಗುತ್ತೆ" ಎಂದೆ. ಅಷ್ಟು ಹೇಳಿ ತೊಟ್ಟಿಯ ಕಡೆ ತಿರುಗಿದೆ.

ಕೊಳವೆಯನ್ನು ಮತ್ತೆ ಒಣಪೆಟ್ಟಿಗೆಗೆ ಇಡಬಹುದಿತ್ತು. ಆದರೆ ವಾಪಸ್ ಇಟ್ಟರೆ ಪುಸ್ತಕದಲ್ಲಿ ಬರೆಯಬೇಕು, ಪಕ್ಕದಲ್ಲಿ ಕಾರಣ ಎಂಬ ಕಾಲಂ ಇತ್ತು, ಅದನ್ನೂ ತುಂಬಬೇಕು. ಡಾಕ್ಟರೇಟ್ ಮಾಡಿದವರು ಓದುವ ಪುಸ್ತಕದಲ್ಲಿ ರಾಹುಕಾಲ ಎಂದು ಬರೆಯಲು ಅವನಿಗೆ ನಾಚಿಕೆಯಾಯಿತು. ಇದನ್ನು ಅವನೇ ಆಮೇಲೆ ನನಗೆ ಹೇಳಿದ್ದು. ಹತ್ತಿಯನ್ನು ಇನ್ನಷ್ಟು ಒತ್ತಿ, ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡುತ್ತ ಕಾದ. ಹನ್ನೆರಡು ಆಗಿ ಐದು ನಿಮಿಷ ಬಿಟ್ಟು ಜ್ವಾಲೆ ಹಚ್ಚಿದ. ಏನೂ ಸಿಡಿಯಲಿಲ್ಲ. ಮೊಗ್ಗಿನ ಹಾಗೆ ನುಣ್ಣಗೆ ಮುಚ್ಚಿತು. ಪುಸ್ತಕದಲ್ಲಿ ತೆಗೆದದ್ದು ೧೦.೪೫, ಮುಚ್ಚಿದ್ದು ೧೦.೫೫ ಎಂದು ಬರೆದ.

ಏಳು ದಿನ ಕಳೆದು ತಣ್ಣಗಾದ ಮೇಲೆ ಕೊಳವೆ ಹೊರಗೆ ಬಂತು. ಬಿಸಿ ತುದಿಯಲ್ಲಿ ಹರಳಿರಲಿಲ್ಲ. ಪುಡಿಯಿದ್ದ ಕಡೆ ಸುಣ್ಣದಂಥ ಬಿಳಿ ಹೊಪ್ಪಳೆ, ನಡುವೆ ಅಲ್ಲಲ್ಲಿ ಮಾಸಿದ ಹಸಿರು. ಪರೀಕ್ಷೆಗೆ ಕಳಿಸಿದರೆ ಆ ಬಿಳಿಯದು ಜಿರ್ಕೋನಿಯಂ ಆಕ್ಸೈಡ್ ಎಂದು ಬಂತು. ಎಲ್ಲಿಂದಲೋ ನೀರು ಸೇರಿದೆ ಎಂದರ್ಥ.

ಲ್ಯಾಬಿನ ಮುಖ್ಯಸ್ಥರು ಗುರುರಾಜ್ ಸಾರ್. ಕೆಟ್ಟವರಲ್ಲ, ಆದರೆ ತಪ್ಪು ಯಾರದೆಂದು ಗೊತ್ತಾಗದೆ ಅವರಿಗೆ ಊಟ ಸೇರುವುದಿಲ್ಲ. ಮೇಡಂ ನಾಲ್ಕು ತಿಂಗಳು ಕೂತು ಮಾಡಿದ ಪುಡಿ ಒಂದು ದೊಡ್ಡ ಬಾಟಲಿ ತುಂಬ ಇತ್ತು. ಪುಡಿ ಮಾಡುವಾಗಲೇ ತೇವ ಸೇರಿಸಿದ್ದೀರಿ, ಇಡೀ ಬಾಟಲಿ ಕೆಟ್ಟಿದೆ ಎಂದು ಸಾರ್ ಅವರ ವಾದ. ಕೊಳವೆ ಮುಚ್ಚುವಾಗ ಸೇರಿರಬಹುದಲ್ಲ ಎಂದು ಅವರೇ ಒಂದು ಪ್ರಶ್ನೆಯನ್ನೂ ಹಾಕಿದರು. ಮೇಡಂ ಪುಸ್ತಕ ತೆರೆದು ತೋರಿಸಿದರು.

"ಹತ್ತೇ ನಿಮಿಷ ಇದೆ ಸಾರ್. ಕೊಟ್ರಪ್ಪನ ಪುಸ್ತಕ ಸುಳ್ಳು ಹೇಳಲ್ಲ. ತಪ್ಪು ನನ್ನ ಪುಡೀಲೇ ಇರಬೇಕು."

ಕೊಟ್ರಪ್ಪ ಆಗ ಬಾಗಿಲ ಹತ್ತಿರ ಖಾಲಿ ಸಿಲಿಂಡರ್ ಹಿಡಿದು ನಿಂತಿದ್ದ. ಅದನ್ನು ಕೆಳಗಿಡಲಿಲ್ಲ, ಮುಂದೆ ಒಯ್ಯಲೂ ಇಲ್ಲ. ನಾನು ಕೈಯಲ್ಲಿದ್ದ ಫ್ಲಾಸ್ಕನ್ನು ತೊಳೆದದ್ದನ್ನೇ ತೊಳೆದೆ.

ಸಾರ್ ತೀರ್ಮಾನ ಹೇಳಿದರು. ಮುಂದಿನ ಸೋಮವಾರ ಪುಡಿಯನ್ನು ಚೆಲ್ಲುವುದು, ತಪ್ಪು ಮೇಡಂ ಹೆಸರಿನಲ್ಲಿ ದಾಖಲಾಗುವುದು, ಈ ಕೆಲಸ ಬೇರೆಯವರಿಗೆ ಹೋಗುವುದು. ಎರಡು ವರ್ಷಕ್ಕೆಂದು ಬಂದಿದ್ದ ಮೇಡಂ ಅವರನ್ನು ಆಮೇಲೆ ಉಳಿಸಿಕೊಳ್ಳುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಅವತ್ತು ಸೋಮವಾರ. ಅಂದರೆ ಒಂದು ವಾರ ಇತ್ತು.

ಆ ವಾರ ಮೇಡಂ ಪುಡಿಯನ್ನು ಮತ್ತೆಮತ್ತೆ ತೂಗಿದರು, ಕಾಯಿಸಿದರು, ತಮ್ಮ ಹಳೆಯ ಪುಟಗಳಲ್ಲಿ ತಪ್ಪು ಹುಡುಕಿದರು. ಇಲ್ಲದ ತಪ್ಪು ಹೇಗೆ ಸಿಗುತ್ತದೆ? ಊಟದ ಬೆಂಚಿಗೆ ಬರುವುದನ್ನು ಬಿಟ್ಟರು. ಕೊಟ್ರಪ್ಪನೂ ಬಿಟ್ಟ. ಮೇಡಂ ಎದುರು ಬಂದರೆ ಇವನು ಫರ್ನೇಸಿನ ಹಿಂದೆ ಹೋಗುತ್ತಿದ್ದ. ಬುಧವಾರ ಸಂಜೆ ಎಲ್ಲರೂ ಹೊರಟ ಮೇಲೆ ನನ್ನ ತೊಟ್ಟಿಯ ಪಕ್ಕ ಬಂದು ನಿಂತ. ನಾನು ನಲ್ಲಿ ನಿಲ್ಲಿಸಿದೆ. ಪುಸ್ತಕದಲ್ಲಿ ಬರೆದದ್ದನ್ನು ಆಗಲೇ ಅವನು ನನಗೆ ಹೇಳಿದ್ದು. ನನಗೆ ಅದು ಹೊಸದಾಗಿರಲಿಲ್ಲ. ಅವನು ಹನ್ನೆರಡರವರೆಗೆ ಕಾದದ್ದನ್ನು ನಾನೇ ನೋಡಿದ್ದೆ, ಮೇಡಂ ಹತ್ತು ನಿಮಿಷ ಎಂದು ಓದಿದ್ದನ್ನೂ ಕೇಳಿದ್ದೆ. ಎರಡನ್ನೂ ಸೇರಿಸಿ ನೋಡುವ ಧೈರ್ಯ ನನಗೆ ಬಂದಿರಲಿಲ್ಲ, ಅಷ್ಟೆ.

"ನವಸಾಗರ ಮಳ್ಯಾಗ ನೀರು ಕುಡಿತೈತಿ ಅಂತ ಅವರಿಗೆ ಹೇಳಿದಾವ ನಾನು" ಎಂದ. "ಎಂಬತ್ತು ನಿಮಿಷ ಅದರ ಮುಂದ ಕುಂತಾವನೂ ನಾನ. ನಮ್ಮಪ್ಪಗ ಗೊತ್ತಾದ್ರ ಏನಂದಾನು ಅಕ್ಕ?"

ಹೇಳಿಬಿಡು ಎಂದೆ. ನಾನೂ ಜೊತೆಗೆ ಬರುತ್ತೇನೆ ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು, ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮೇಡಂ ಮೇಜಿನ ಮುಂದೆ ನಿಂತು ಎಲ್ಲ ಹೇಳಿದ. ಬಾಗಿಲು ತೆರೆದೇ ಇತ್ತು. ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದ, ಅದು ಬರಲಿಲ್ಲ. ಮೇಡಂ ಪೆನ್ನು ತೆಗೆದುಕೊಂಡು ಕೇಳಿದರು:

"ಸರಿಯಾಗಿ ಎಷ್ಟು ನಿಮಿಷ?"

"ಎಂಬತ್ತು, ಮೇಡಂ."

ಬರೆದುಕೊಂಡರು. ಆಮೇಲೆ ಅವನನ್ನು ನೋಡದೆ, "ನೀವು ಹೇಳಿದ್ದನ್ನ ನಾನು ನಂಬ್ತೀನಿ ಕೊಟ್ರಪ್ಪ" ಎಂದರು. "ಆದ್ರೆ ನನ್ನ ನಂಬಿಕೆ ಈಗ ಯಾವ ಕೆಲಸಕ್ಕೂ ಬರಲ್ಲ. ಹತ್ತು ನಿಮಿಷ ಅಂತ ಬರೆದಾಗಲೂ ನಂಬಿದ್ದೆ."

ಹೊರಗೆ ಬಂದ ಕೊಟ್ರಪ್ಪನ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ.

ಮೇಡಂ ಗುರುರಾಜ್ ಸಾರ್ ಹತ್ತಿರ ಹೋಗಿ ಒಂದೇ ಒಂದು ಅವಕಾಶ ಕೇಳಿದರು. ಅದೇ ಬಾಟಲಿಯ ಪುಡಿ, ಒಂದೇ ಅಳತೆ, ಎರಡು ಕೊಳವೆ. ಒಂದನ್ನು ಹತ್ತು ನಿಮಿಷಕ್ಕೆ ಮುಚ್ಚುವುದು, ಇನ್ನೊಂದನ್ನು ಅವತ್ತಿನ ಹಾಗೆಯೇ ಎಂಬತ್ತು ನಿಮಿಷ ಬಿಟ್ಟು ಮುಚ್ಚುವುದು. ಪುಡಿ ಕೆಟ್ಟಿದ್ದರೆ ಎರಡೂ ಕೆಡುತ್ತವೆ. ಇದಕ್ಕೆ ಕಾರಣವನ್ನೂ ಹೇಳಲೇಬೇಕಾಯಿತು. ಸಾರ್ ಮೊದಲು ನಂಬಲಿಲ್ಲ, ಆಮೇಲೆ ನಕ್ಕರು. ನಗು ನಿಂತ ಮೇಲೆ ಮುಖ ಬಿಗಿಯಿತು. ಸೋಮವಾರದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಒಂದು ಷರತ್ತು ಹಾಕಿದರು.

"ಶುಕ್ರವಾರ ಹತ್ತೂವರೆ ಮೇಲೇ ಇಟ್ಕೊಳ್ಳಿ. ಎರಡನ್ನೂ ಕೊಟ್ರಪ್ಪನೇ ಮುಚ್ಚಲಿ. ರಾಹುನೂ ಬಂದು ನೋಡ್ಲಿ."

ಮಧ್ಯಾಹ್ನದೊಳಗೆ ಇದು ಎರಡೂ ಶೆಡ್ಡಿಗೆ ಗೊತ್ತಾಯಿತು. ಆ ಶುಕ್ರವಾರ ಬಿಸಿಲು ಬಂತೆಂದು ಮೇಡಂ ಮುಂದಕ್ಕೆ ಹಾಕಿದರು. ಅವತ್ತಿನಷ್ಟೇ ತೇವ ಬೇಕಿತ್ತು. ಹಾಗಾಗಿ ಇನ್ನೊಂದು ವಾರ ಅವನು ಜನರ ಕಣ್ಣಿನ ಮುಂದೆ ಓಡಾಡಬೇಕಾಯಿತು. ಬೆಳಿಗ್ಗೆ ಎದ್ದು ಮೋಡ ನೋಡುತ್ತಿದ್ದೆ ಎಂದು ನನಗೆ ಹೇಳಿದ. ತನ್ನ ಮಾನ ಹೋಗಲಿಕ್ಕೆ ಮಳೆ ಬರಲಿ ಎಂದು ಬೇಡಿಕೊಂಡವನು ನನಗೆ ತಿಳಿದಂತೆ ಅವನೊಬ್ಬನೇ.

ಆಷಾಢದ ಕೊನೆಯ ಶುಕ್ರವಾರ ಮಳೆ ಬಂತು. ಗಾಳಿಯ ತೇವ ಅಳೆಯುವ ಮೀಟರ್ ಎಂಬತ್ತಾರು ತೋರಿಸಿತು. ಹತ್ತೂ ಮುಕ್ಕಾಲಿಗೆ ಎರಡೂ ಕೊಳವೆ ಹೊರಗೆ ಬಂದವು. ಮೊದಲನೆಯದಕ್ಕೆ ರಾಹುಕಾಲದಲ್ಲೇ ಜ್ವಾಲೆ ಹಚ್ಚಬೇಕು. ಕೊಟ್ರಪ್ಪ ಕಣ್ಣು ಮುಚ್ಚಿ ತುಟಿ ಅಲುಗಿಸಿದ. ನಾನು ತೊಟ್ಟಿಯ ಹತ್ತಿರ ನಿಂತು ಅಮ್ಮನವರ ಹೆಸರು ಹೇಳಿಕೊಂಡೆ. ಅವನು ಜ್ವಾಲೆ ಹಚ್ಚಿ, ಕುತ್ತಿಗೆ ತಿರುಗಿಸಿ ಎಳೆದ. ಹತ್ತು ಐವತ್ತೈದಕ್ಕೆ ಮುಚ್ಚಿತು.

ಆಮೇಲೆ ಎರಡನೆಯದರ ಮುಂದೆ ಸ್ಟೂಲಿನ ಮೇಲೆ ಕೂತ. ಎದುರಿಗೆ ಮೇಡಂ, ಕೈಯಲ್ಲಿ ವಾಚು. ಕೆಲಸವಿದ್ದವರೂ ಇಲ್ಲದವರೂ ಆ ದಾರಿಯಲ್ಲೇ ಹಾದುಹೋದರು.

"ಏನ್ ಗುರು, ಮುಗೀತಾ?" ಎಂದು ಸ್ಟೋರಿನ ಮುತ್ತಣ್ಣ ಕೇಳಿದ. "ಇನ್ನೂ ಐವತ್ತು ನಿಮಿಷ ಇದ್ಯಂತೆ ಕಣ್ರೋ. ಚಾಪೆ ತಂದ್ಕೊಡ್ಲಾ?"

ಒಬ್ಬಿಬ್ಬರು ನಕ್ಕರು. ಕೊಟ್ರಪ್ಪ ತಲೆ ಎತ್ತಲಿಲ್ಲ, ಏಳಲೂ ಇಲ್ಲ. ಹೋಗಿ ಟೀ ಕುಡಿದು ಬನ್ನಿ, ನಾನು ಇರ್ತೀನಿ ಎಂದು ಮೇಡಂ ಮೆಲ್ಲಗೆ ಹೇಳಿದರು. ಅವನು ಬೇಡ ಎಂದು ಕೈಯಾಡಿಸಿದ. ಹತ್ತಿಯ ಕೆಳಗೆ, ಗಾಜಿನ ಒಳಗೆ, ಬಿಳಿ ನವಸಾಗರ ಸುಮ್ಮನೆ ಕೂತಿತ್ತು. ಅದು ನೀರು ಕುಡಿಯುವುದು ಕಣ್ಣಿಗೆ ಕಾಣುವುದಿಲ್ಲ. ಅವತ್ತು ಹನ್ನೆರಡು ಗಂಟೆ ಆಗಲು ಬಹಳ ಹೊತ್ತು ಹಿಡಿಯಿತು. ಹನ್ನೆರಡು ಐದಕ್ಕೆ ಅದನ್ನೂ ಮುಚ್ಚಿದ, ಅದೇ ನಯದಿಂದ.

ಎರಡೂ ಒಟ್ಟಿಗೆ ಫರ್ನೇಸಿಗೆ ಹೋದವು, ಏಳು ದಿನದ ಮೇಲೆ ಒಟ್ಟಿಗೆ ಹೊರಗೆ ಬಂದವು. ಸಾರ್ ಎದುರಿಗೇ ತೆಗೆದರು. ರಾಹುಕಾಲದಲ್ಲಿ ಮುಚ್ಚಿದ ಕೊಳವೆಯ ಬಿಸಿ ತುದಿಯಲ್ಲಿ ನಿಂಬೆ ಬಣ್ಣದ ಚಕ್ಕೆಗಳು, ಮೇ ತಿಂಗಳಿನವಕ್ಕಿಂತ ದೊಡ್ಡವು. ಕಾದು ಮುಚ್ಚಿದ್ದರಲ್ಲಿ ಬಿಳಿ ಹೊಪ್ಪಳೆ. ಗುರುರಾಜ್ ಸಾರ್ ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಪುಡಿ ಇಟ್ಕೊಳ್ಳಿ ಶೈಲಜಾ ಎಂದಷ್ಟೇ ಹೇಳಿ ಹೋದರು. ಮೇಡಂ ಆಮೇಲೆ ಐದು ವರ್ಷ ನಮ್ಮ ಲ್ಯಾಬಿನಲ್ಲೇ ಇದ್ದರು.

ಕೊಟ್ರಪ್ಪನ ಕೆಲಸ ಹೋಗಲಿಲ್ಲ. ಅಂಥ ಕೈ ಇನ್ನೊಂದು ಸಿಗುವುದು ಸುಲಭವಲ್ಲ. ಆದರೆ ಅವತ್ತಿನಿಂದ ಅವನು ಬರೆದ ಪ್ರತಿ ಸಮಯದ ಪಕ್ಕದಲ್ಲಿ ಇನ್ನೊಬ್ಬರ ಸಹಿ ಬೇಕು ಎಂದಾಯಿತು. ಆಫೀಸಿನ ಸವಿತಾ ಬಂದು ಗಡಿಯಾರ ನೋಡಿ ಸಹಿ ಹಾಕುತ್ತಿದ್ದಳು. ಅವನು ಕೆಲಸ ಬಿಡುವವರೆಗೂ ಅದು ನಡೆಯಿತು. ಸವಿತಾ ಬರುವುದು ತಡವಾದರೆ ಪೆನ್ನು ಹಿಡಿದು ಕಾಯುತ್ತಿದ್ದ. ಕೆಟ್ಟ ಎರಡನೆಯ ಕೊಳವೆಯನ್ನು ಯಾರೋ ಗಾಜಿನ ಬೀರುವಿನಲ್ಲಿ ಇಟ್ಟರು, ಹೊಸಬರು ಬಂದಾಗ ಅದರ ಕಥೆ ಹೇಳಿ ನಗುತ್ತಿದ್ದರು. ಆಯುಧಪೂಜೆಗೆ ಬೀರು ಒರೆಸುವಾಗ ಅವನು ಅದನ್ನೂ ತೆಗೆದು ಒರೆಸಿ ಇದ್ದಲ್ಲೇ ಇಡುತ್ತಿದ್ದ.

ರಾಹುಕಾಲ ನೋಡುವುದನ್ನು ಬಿಟ್ಟನೇ ಎಂದರೆ, ಇಲ್ಲ. ಕೊಳವೆಯನ್ನು ಪೆಟ್ಟಿಗೆಯಿಂದ ತೆಗೆಯುವ ಮೊದಲೇ ನೋಡುತ್ತಿದ್ದ. ತಡ ಮಾಡಿದ ದಿನ ಕಾರಣದ ಕಾಲಂನಲ್ಲಿ ದೊಡ್ಡ ಅಕ್ಷರದಲ್ಲಿ ರಾಹುಕಾಲ ಎಂದು ಬರೆದು, ಸವಿತಾಳ ಕಡೆ ಪುಸ್ತಕ ತಳ್ಳುತ್ತಿದ್ದ.

ಮೇಡಂ ಬರೆದ ವರದಿಯಲ್ಲಿ, ತೇವದ ಗಾಳಿಯಲ್ಲಿ ಎಂಬತ್ತು ನಿಮಿಷ ಇಟ್ಟ ಕೊಳವೆ ಎಂದಷ್ಟೇ ಇತ್ತು. ಯಾರು ಇಟ್ಟರು, ಯಾಕೆ ಇಟ್ಟರು ಎಂಬುದಿರಲಿಲ್ಲ. ಮೇಡಂ ಅದನ್ನು ಓದಿ ಹೇಳಿದಾಗ ಅವನು, ಹಳೆಯ ಪುಸ್ತಕವನ್ನು ಒಂದು ಸಲ ಕೊಡಿ ಎಂದು ಕೇಳಿ ಪಡೆದ. ತೊಟ್ಟಿಯ ಪಕ್ಕದ ಹಲಗೆಯ ಮೇಲೆ ಇಟ್ಟುಕೊಂಡು, ೧೦.೫೫ ಎಂಬುದರ ಮೇಲೆ ಒಂದೇ ಗೆರೆ ಎಳೆದ. ಕೆಳಗಿನ ಅಂಕಿ ಕಾಣುವ ಹಾಗೆಯೇ ಬಿಟ್ಟ. ಪಕ್ಕದಲ್ಲಿ ನಿಧಾನವಾಗಿ ಬರೆದು, ನೋಡು ಅಕ್ಕ ಎಂದು ನನ್ನ ಕಡೆ ತಿರುಗಿಸಿದ.

'ಮುಚ್ಚಿದ್ದು ೧೨.೦೫. ಕಾರಣ ರಾಹುಕಾಲ. ಸುಳ್ಳು ಬರೆದವನು ಕೊಟ್ರಪ್ಪ.'

ನಾನು ಓದಿದೆ. ಎರಡನೇ ಸಲವೂ ಓದಿದೆ. ಇಷ್ಟು ದಿನ ಮೇಡಂ ಮುಂದೆ, ಸಾರ್ ಮುಂದೆ, ನಗುವವರ ಮುಂದೆ ಅವನು ಒಮ್ಮೆಯೂ ನನ್ನ ಹೆಸರು ಎತ್ತಿರಲಿಲ್ಲ ಎಂಬುದು ಆಗ ನನ್ನ ಎದೆಗೆ ತಾಗಿತು.

"ಕಾಯಿ ಅಂದವಳು ನಾನಲ್ವಾ" ಎಂದೆ. "ಅದನ್ನೂ ಬರಿ."

ಅವನು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದ.

"ನೀನು ಹೊತ್ತು ಹೇಳಿದಿ. ಹೊತ್ತು ಬರದಾವ ನಾನು" ಎಂದು ಪುಸ್ತಕ ತೆಗೆದುಕೊಂಡು ಹೋದ.

ಅವನು ಬರೆಯದ ಆ ಸಾಲನ್ನು ಇಲ್ಲಿ ನಾನು ಬರೆದಿದ್ದೇನೆ.